ಅತ್ತೆಯ ಕೊನೆಯ ಮಾತು

ನನ್ನ ಅತ್ತೆಯ ಕೊನೆಯ ಮಾತನ್ನು ನಮ್ಮ ಇಗರ್ಜಿಯ ಪಾದ್ರಿಗಳು ಪ್ರವಚನದಲ್ಲಿ ಹೇಳಿದ್ದಾರೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಮೇಣದಬತ್ತಿಯ ಚಿತ್ರದ ಕೆಳಗೆ ಬರೆದು ಹಾಕಿದ್ದಾರೆ. ಆದರೆ ಆ ಮಾತು ಅತ್ತೆಯದಲ್ಲ, ನನ್ನದು. ಜೀವಮಾನದಲ್ಲಿ ನಾನು ಕಟ್ಟಿದ ಒಂದೇ ಒಂದು ವಾಕ್ಯ ಇಷ್ಟು ಹೆಸರು ಮಾಡಿತು, ಅದಕ್ಕೂ ನನ್ನ ಹೆಸರು ಹಾಕಿಕೊಳ್ಳುವ ಹಾಗಿರಲಿಲ್ಲ.

ನಾನು ಕುಮಟಾ ಪೇಟೆಯವಳು. ಮದುವೆಯಾಗಿ ಹೊನ್ನಾವರದ ಆಚೆಯ ಹೊಳೆದಂಡೆಯ ಹಳ್ಳಿಗೆ ಬಂದೆ. ಅಲ್ಲಿ ನಮ್ಮ ಕ್ರಿಶ್ಚಿಯನ್ನರ ಮನೆ ಹತ್ತೋ ಹನ್ನೆರಡೋ ಇವೆ. ಅತ್ತೆ ಬೆಳಗಾಗುವ ಮೊದಲು ಎದ್ದು ಅಬ್ಬಲಿಗೆ ಕೊಯ್ದು, ಮಾಲೆ ಕಟ್ಟಿ ಮರಿಯಮ್ಮನ ಪಟಕ್ಕೆ ಹಾಕಿ, ಆಮೇಲಷ್ಟೇ ಒಲೆ ಹಚ್ಚುವವರು. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಚಿಪ್ಪು ಹೆಕ್ಕುವಾಗಲೂ ಅವರ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ನೆರೆಮನೆಯವರ ದನ ಕಾಣೆಯಾಗಲಿ, ಕಿವಿಯ ಓಲೆ ಬಿದ್ದುಹೋಗಲಿ, ಮೊದಲು ಬರುತ್ತಿದ್ದದ್ದು ನಮ್ಮ ಅಂಗಳಕ್ಕೆ. ಅತ್ತೆ ಅವರಿಗೆಲ್ಲ ಬಾಯಮ್ಮ. "ಬಾಯಮ್ಮ, ಕಳದದ್ದು ಹುಡುಕಿಕೊಡೋ ನಿಮ್ಮ ಸಂತನ ಹತ್ರ ಒಂದು ಮಾತು ಹೇಳಿ," ಅನ್ನುವರು. ಅವರೇ ಇಡಗುಂಜಿಯ ಗಣಪತಿಗೆ ಹೋಗಿ ಬಂದು ಪ್ರಸಾದ ಕೊಟ್ಟರೆ ಅತ್ತೆ ಎರಡೂ ಕೈಯೊಡ್ಡಿ ಪಡೆದು ತಿಂದು, ಕೊಟ್ಟವರ ಹೆಸರನ್ನು ಸಂಜೆಯ ಪ್ರಾರ್ಥನೆಗೆ ಸೇರಿಸುವರು. ಹೀಗೆ ಸೇರಿದವರ ಪಟ್ಟಿ ಬೆಳೆದು ಬೆಳೆದು ನಮ್ಮ ರಾತ್ರಿಯ ಊಟ ದಿನಾ ತಡವಾಗುತ್ತಿತ್ತು.

ಭಕ್ತಿ ಎಂದರೆ ಮೆತ್ತಗಿನ ಭಕ್ತಿಯಲ್ಲ. ಹೊಸದಾಗಿ ಬಂದ ಪಾದ್ರಿಗಳು ಒಮ್ಮೆ ಯಾವುದೋ ಹಬ್ಬದ ದಿನವನ್ನು ತಪ್ಪಿ ಹೇಳಿದಾಗ, ಎರಡನೇ ಬೆಂಚಿನಲ್ಲಿದ್ದ ಅತ್ತೆ ಕೆಮ್ಮಿದರು. ಪಾದ್ರಿಗಳು ಸರಿಪಡಿಸುವವರೆಗೂ ಕೆಮ್ಮು ನಿಲ್ಲಲಿಲ್ಲ.

ಸಂಜೆ ಏಳಕ್ಕೆ ತೇರ್ಸು, ಅಂದರೆ ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ. ಅದರಲ್ಲಿ ದಿನಕ್ಕೊಂದು ಬಗೆ. ಸೋಮವಾರ, ಶನಿವಾರ ಯೇಸುವಿನ ಹುಟ್ಟಿನ ಸಂತೋಷದ್ದು. ಮಂಗಳವಾರ, ಶುಕ್ರವಾರ ಅವನ ಸಾವಿನ ದುಃಖದ್ದು. ಉಳಿದ ದಿನಗಳಿಗೆ ಬೇರೆ. ಒಂದೊಂದರಲ್ಲೂ ಐದೈದು ಘಟನೆ, ಅವುಗಳ ಕ್ರಮ ತಪ್ಪುವ ಹಾಗಿಲ್ಲ. ಅತ್ತೆಗೆ ಅದಕ್ಕೆ ಕ್ಯಾಲೆಂಡರ್ ಬೇಕಿರಲಿಲ್ಲ. ನನಗೆ ಕ್ಯಾಲೆಂಡರ್ ಇದ್ದೂ ಉಪಯೋಗವಿರಲಿಲ್ಲ. ನಾನು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ನೋಡಿದವರಿಗೆ ಧ್ಯಾನವೆಂದು ಕಾಣುವ ಹಾಗೆ ನಿದ್ದೆ ಮಾಡುವುದನ್ನು ಕಲಿತಿದ್ದೆ. ಒಂದು ದಿನ ಎಲ್ಲ ಮುಗಿದ ಮೇಲೆ ಅತ್ತೆ, "ಅನ್ನಕ್ಕೆ ನೀರು ಇಟ್ಟಿದ್ದೀಯಾ?" ಎಂದು ಕೇಳಿದರು. ತೇರ್ಸು ಇನ್ನೂ ನಡೆದಿದೆ ಎಂದುಕೊಂಡು ನಾನು ಗಟ್ಟಿಯಾಗಿ, "ನಮಗಾಗಿ ಪ್ರಾರ್ಥಿಸಿರಿ," ಎಂದೆ. ಗಂಡ ನಕ್ಕು ನಕ್ಕು ಹೊರಗೆ ಹೋದ. ಅತ್ತೆ ನಗಲಿಲ್ಲ, ಎದ್ದು ತಾವೇ ನೀರಿಟ್ಟರು.

ಹೀಗೆ ಹದಿನೆಂಟು ವರ್ಷ ಕಳೆಯಿತು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಪಾದ್ರಿಗಳು ಬಂದು ಹಣೆಗೆ ಕೊನೆಗಾಲದ ಎಣ್ಣೆ ಹಚ್ಚಿ ಹೋದರು. ಗಂಡ ತೆಂಗಿನಗುಂಡಿಯಲ್ಲಿ ಮೀನುಬೋಟುಗಳ ಎಂಜಿನ್ ರಿಪೇರಿ ಮಾಡುವವನು. ಮೂರು ದಿನ ಕೆಲಸ ಬಿಟ್ಟು ತಾಯಿಯ ಪಕ್ಕದಲ್ಲೇ ಕುಳಿತಿದ್ದ. ನಾಲ್ಕನೆಯ ಬೆಳಿಗ್ಗೆ ಅವರು ಎರಡು ಚಮಚ ಗಂಜಿ ಕುಡಿದದ್ದು ನೋಡಿ, "ನಾನಿದ್ದೇನೆ, ನೀನು ಹೋಗಿ ಬಾ," ಎಂದು ನಾನೇ ಕಳಿಸಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಉಸಿರಿನ ರೀತಿ ಬದಲಾಯಿತು. ಗಂಡನಿಗೆ ಫೋನು ಮಾಡಿದೆ. ಅವನು ಬೈಕು ಹತ್ತಿದರೂ ಬರಲು ಒಂದು ತಾಸು ಬೇಕು.

ಸಾಯುವವರ ಪಕ್ಕದಲ್ಲಿ ಯಾರಾದರೂ ತೇರ್ಸು ಹೇಳಲೇಬೇಕು, ಅದು ನಮ್ಮಲ್ಲಿ ತಪ್ಪಿಸಬಾರದ ಕ್ರಮ. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಆ ಕೆಲಸಕ್ಕೆ ನನಗಿಂತ ಅಯೋಗ್ಯರನ್ನು ಹುಡುಕಿ ತರಲು ಅತ್ತೆಯ ಆ ಸಂತನಿಂದಲೂ ಆಗುತ್ತಿರಲಿಲ್ಲ. ನನಗೆ ಬಾಯಿಪಾಠ ಬರುತ್ತಿದ್ದದ್ದು ಸಂತೋಷದ್ದು ಮಾತ್ರ, ಅದನ್ನೇ ಶುರು ಮಾಡಿದೆ. ದೇವದೂತ ಬಂದು ಮರಿಯಮ್ಮನಿಗೆ ಮಗು ಹುಟ್ಟುವ ಸುದ್ದಿ ಹೇಳುವಲ್ಲಿಗೆ ಅತ್ತೆ ಕಣ್ಣು ತೆರೆದರು. ಹಿಂದಿನ ದಿನದಿಂದ ಅವರಿಗೆ ಮಾತು ನಿಂತಿತ್ತು.

"ಇವತ್ತು ಮಂಗಳವಾರ," ಎಂದರು. "ದುಃಖದ್ದು ಹೇಳು."

ಮತ್ತೆ ಕಣ್ಣು ಮುಚ್ಚಿದರು. ನಾನು ದುಃಖದ್ದನ್ನು ಹೇಳತೊಡಗಿದೆ. ಅದು ಮುಗಿಯುವ ಮೊದಲೇ ಅತ್ತೆ ಹೋಗಿದ್ದರು.

ಮೊದಲು ಓಡಿಬಂದವಳು ಪಕ್ಕದ ಮನೆಯಾಕೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬಾಯಮ್ಮ ಕಡೀಗೆ ಎಂತ ಹೇಳಿದ್ರು?" ಎಂದು ಕೇಳಿದಳು. ಅಷ್ಟರಲ್ಲಿ ಇಗರ್ಜಿಯ ಹೆಂಗಸರೂ ಬಾಗಿಲಿಗೆ ಬಂದಿದ್ದರು. ಹದಿನೆಂಟು ವರ್ಷ ಅಂಥ ಅತ್ತೆಯ ಪಕ್ಕದಲ್ಲಿ ಕುಳಿತವಳಿಗೆ ಮಂಗಳವಾರ ಯಾವುದು ಹೇಳಬೇಕೆಂದು ಗೊತ್ತಿಲ್ಲ ಎಂದು ಆ ಹೆಂಗಸರ ಮುಂದೆ ಒಪ್ಪಿಕೊಳ್ಳುವುದೇ? ನನ್ನ ಬಾಯಿಂದ ಬಂದೇ ಬಿಟ್ಟಿತು: "ಯೇಸು, ಮರಿಯಾ ಅಂದ್ರು."

"ಪುಣ್ಯವಂತೆ. ದೇವರ ಹೆಸರು ಹೇಳ್ಕಂಡೇ ಹೋದ್ರು," ಎಂದಳು ಪಕ್ಕದಾಕೆ.

ಸುಳ್ಳಿಗೆ ರೆಕ್ಕೆಪುಕ್ಕ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾವಳ್ಳಿಯಿಂದ ಬಂದ ನೆಂಟರಿಗೆ ಸುದ್ದಿ ಮುಟ್ಟುವಾಗ ಅತ್ತೆ ಕೈ ಮುಗಿದು, ಮೇಲೆ ನೋಡಿ, ನಕ್ಕಿದ್ದರು. ಮಣ್ಣು ಮಾಡಿದ ದಿನ ಪಾದ್ರಿಗಳು, "ಇಂಥ ಮರಣ ನಮಗೂ ಬರಲಿ," ಎಂದಾಗ ನಾನು ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ನಾಚಿಕೆಗೇಡಿನ ಸಂಗತಿಯೆಂದರೆ ಅದರ ಜೊತೆಗೇ ಸ್ವಲ್ಪ ಹೆಮ್ಮೆಯೂ ಆಯಿತು. ಅಂಥ ಸಾವಿಗೆ ಒಬ್ಬಳೇ ಸಾಕ್ಷಿ ಎಂದು ಹೆಂಗಸರು ನನಗೆ ಮುಂದಿನ ಬೆಂಚಿನಲ್ಲಿ ಜಾಗ ಬಿಡತೊಡಗಿದರು. ನಾನು ಕುಳಿತೆ ಕೂಡ.

ಗಂಡ ಅಳಲಿಲ್ಲ. ಪೆಟ್ಟಿಗೆಗೆ ಹೆಗಲು ಕೊಟ್ಟ, ಬಂದವರಿಗೆಲ್ಲ ಚಾ ಕೊಡಿಸಿದ, ಎಂಟನೆಯ ದಿನ ಕೆಲಸಕ್ಕೆ ಹೋದ. ಯಾರಾದರೂ ಆ ಕೊನೆಯ ಮಾತನ್ನು ಎತ್ತಿದರೆ ಎದ್ದು ಆಚೆ ಹೋಗುತ್ತಿದ್ದ. ಭಕ್ತಿಯಿಂದ ಮನಸ್ಸು ತುಂಬಿ ಬರುತ್ತದೆ ಎಂದುಕೊಂಡೆ. ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.

ತಿಂಗಳ ಪೂಜೆ ಮುಗಿಸಿ ಇಬ್ಬರೇ ಅತ್ತೆಯ ಗೋರಿ ನೋಡಲು ಸಿಮೆಂಟ್ರಿಗೆ ಹೋದೆವು. ಅವನು ಗೋರಿಯ ಮೇಲಿನ ಒಣಗಿದ ಹೂವನ್ನು ತೆಗೆಯುತ್ತ, ನನ್ನ ಮುಖ ನೋಡದೆ ಕೇಳಿದ: "ಅಮ್ಮ ಒಂದು ಸಲನೂ ಮಗ ಎಲ್ಲಿ ಅಂತ ಕೇಳ್ಲಿಲ್ವಾ? ದೇವರ ಹೆಸರೆಲ್ಲ ಹೇಳಿದ್ಲಲ್ಲ."

ಒಂದು ತಿಂಗಳು ಅವನು ಇದನ್ನು ಹೊತ್ತುಕೊಂಡು ತಿರುಗಿದ್ದ. ನಾನು ಮುಂದಿನ ಬೆಂಚಿನಲ್ಲಿ ಕುಳಿತಿದ್ದೆ. ಕೇಳಿದರು ಎಂದುಬಿಡಲು ನಾಲಿಗೆಯ ತುದಿಯವರೆಗೆ ಬಂತು. ಎಷ್ಟು ಸುಲಭ, ಎಷ್ಟು ಚಂದದ ಸುಳ್ಳು. ಆದರೆ ಅವನು ತೆಗೆದ ಹೂವನ್ನೇ ಮತ್ತೆ ಗೋರಿಯ ಮೇಲೆ ಇಡುತ್ತಿದ್ದ.

"ಇಲ್ಲ," ಎಂದೆ. "ನಿನ್ನ ಹೆಸರೂ ಹೇಳ್ಲಿಲ್ಲ, ಯೇಸುವಿನ ಹೆಸರೂ ಹೇಳ್ಲಿಲ್ಲ. ನಾನು ತೇರ್ಸು ತಪ್ಪು ಹೇಳಿದೆ. ಇವತ್ತು ಮಂಗಳವಾರ, ದುಃಖದ್ದು ಹೇಳು, ಅಂದ್ರು. ಅಷ್ಟೇ."

ಅವನು ನನ್ನನ್ನೇ ನೋಡಿದ. ಆಮೇಲೆ ನಗತೊಡಗಿದ. ನಗುತ್ತ ನಗುತ್ತ ಪಕ್ಕದ ಗೋರಿಯ ಕಟ್ಟೆಯ ಮೇಲೆ ಕುಳಿತ, ಕುಳಿತವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಇಷ್ಟು ದಿನ ಎಲ್ಲರೂ ಯಾರೋ ಸಂತಳ ಸುದ್ದಿ ಹೇಳುತ್ತಿದ್ದರು, ಈಗ ಸತ್ತದ್ದು ತನ್ನ ಅಮ್ಮ ಎಂದು ಅವನಿಗೆ ಗೊತ್ತಾಯಿತು. ನಾನೂ ಪಕ್ಕದಲ್ಲಿ ಕುಳಿತು ಅಳತೊಡಗಿದೆ.

ಎಷ್ಟೋ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಕೇಳಿದ: "ಮತ್ತೆ ದುಃಖದ್ದಾದ್ರೂ ಸರಿಯಾಗಿ ಹೇಳಿದ್ಯಾ?"

"ಎರಡು ಸರಿ ಹೇಳಿದೆ," ಎಂದೆ. "ಮೂರನೆಯದು ಮುಳ್ಳಿನ ಕಿರೀಟ. ಅದನ್ನ ಬಿಟ್ಟು ಶಿಲುಬೆ ಹೊರೋದು ಹೇಳಿಬಿಟ್ಟೆ. ಈಗ ತಿದ್ತಾರೆ ಅಂತ ಕಾದೆ. ತಿದ್ಲಿಲ್ಲ. ಆಗಲೇ ನನಗೆ ಗೊತ್ತಾದದ್ದು."