ಎದುರಿಗಿಲ್ಲದ ಬಾಗಿಲು

ಬಾವಿ ಶಿವರಾತ್ರಿಗೇ ಬತ್ತಬಹುದಿತ್ತು. ಗಾಳಿಗೆ ಹಂಚು ಹಾರಬಹುದಿತ್ತು. ಗಾಳಿ ಬಿಟ್ಟರೂ ಮಂಗಗಳು ಬಿಡುತ್ತಿರಲಿಲ್ಲ. ಅಂಗಳದ ಪಾಚಿಯಲ್ಲಿ ಮುದುಕರು ಜಾರಿ ಸೊಂಟ ಮುರಿದುಕೊಳ್ಳಬಹುದಿತ್ತು. ದಾಂಡೇಲಿ ಕಡೆಯಿಂದ ಕಟ್ಟಿಗೆ ಹೇರಿಕೊಂಡು ಬರುವ ಲಾರಿ ತಿರುವಿನಲ್ಲಿ ಬ್ರೇಕು ತಪ್ಪಿ ನೇರ ನಮ್ಮ ಓಣಿಗೇ ನುಗ್ಗಬಹುದಿತ್ತು. ಹಿತ್ತಲಿನ ಹುತ್ತದಿಂದ ಹಾವು ಬರಬಹುದಿತ್ತು, ಹುತ್ತದಾಚೆಯ ಕಾಡಿನಿಂದ ಚಿರತೆ ಬರಬಹುದಿತ್ತು, ಎಂಟು ಮನೆಯ ಹೆಂಗಸರಿಗೆ ಒಂದೇ ಬಾವಿಯಾದ್ದರಿಂದ ಜಗಳವಂತೂ ಬಂದೇ ಬರಬೇಕಿತ್ತು. ಓಣಿ ಕಟ್ಟುವ ಮೊದಲೇ ಇದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು ಒಂದೊಂದಕ್ಕೂ ಉಪಾಯ ಹುಡುಕಿದ್ದೆ. ಚಿರತೆಗೆ ಮಾತ್ರ ಏನೂ ಹೊಳೆಯಲಿಲ್ಲ. ಅದು ಬರಲೂ ಇಲ್ಲ.

ಅರವತ್ತರ ದಶಕದ ಕೊನೆಯ ಮಾತು. ನನಗೆ ನಲವತ್ತೆರಡು. ಕಟ್ಟಡ ಕಟ್ಟಿಸುವ ಆಫೀಸೊಂದರಲ್ಲಿ ನಕ್ಷೆ ತೆಗೆಯುವ ಕೆಲಸ. ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಿಂದ ನಿವೃತ್ತನಾಗಿದ್ದ. ನಿವೃತ್ತಿಯಾದ ಮೇಲೆ ಕಾರ್ಖಾನೆಯ ಕ್ವಾರ್ಟರ್ಸ್ ಬಿಡಲೇಬೇಕು. ಹಾಗೆ ಮನೆ ಬಿಡಬೇಕಾದ ಎಂಟು ಮಂದಿ ಸೇರಿ ಹಳಿಯಾಳದ ಅಂಚಿನಲ್ಲಿ ಒಂದು ಪಟ್ಟಿ ಜಾಗ ಹಿಡಿದರು. ಒಂದು ಸಾಲಿನಲ್ಲಿ ನಾಲ್ಕು ಮನೆ, ಎದುರು ಸಾಲಿನಲ್ಲಿ ನಾಲ್ಕು, ನಡುವೆ ಹದಿನೈದು ಅಡಿಯ ಓಣಿ. ನಕ್ಷೆ ತೆಗೆಯಲು ನನ್ನನ್ನು ಕೇಳಿದರು. ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ.

ನಮ್ಮ ಎದುರು ಮನೆ ಚಾಚಾನದು ಎಂದು ಮೊದಲೇ ತೀರ್ಮಾನವಾಗಿತ್ತು. ಚಾಚಾ ಅಪ್ಪನ ಗೆಳೆಯ, ಹಳೆಯ ಫಿಟ್ಟರ್. ನಮ್ಮ ಅವ್ವನ ಹಾಗೆ ಅವನ ಹೆಂಡತಿಯೂ ಕ್ವಾರ್ಟರ್ಸಿನಲ್ಲಿದ್ದಾಗಲೇ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ಮುಂಡಗೋಡಿಗೆ ಕೊಟ್ಟಿತ್ತು. ಅಪ್ಪ, ಚಾಚಾ ಇಬ್ಬರೂ ಹರೆಯದಲ್ಲಿ ಬೇರೊಂದು ಊರಿನ ಬಟ್ಟೆಯ ಗಿರಣಿಯಲ್ಲಿದ್ದವರು. ಮಗ್ಗಗಳ ಸದ್ದಿಗೆ ಇಬ್ಬರ ಕಿವಿಯೂ ಮುಕ್ಕಾಲು ಹೋಗಿತ್ತು. ಆ ಸದ್ದಿನಲ್ಲಿ ಬಾಯಿಯ ಮಾತು ನಡೆಯುತ್ತಿರಲಿಲ್ಲವಾದ್ದರಿಂದ ಕೆಲಸಗಾರರು ಕೈಸನ್ನೆಯಲ್ಲೇ ಮಾತಾಡುತ್ತಿದ್ದರಂತೆ. ಕಿವಿ ಹಿಡಿದರೆ ಸಾಹೇಬ ಬಂದ. ಮುಷ್ಟಿ ತಿರುವಿದರೆ ಮಗ್ಗ ನಿಂತಿತು. ಆ ಭಾಷೆಯನ್ನು ಇಬ್ಬರೂ ದಾಂಡೇಲಿಗೆ ತಂದರು, ಮನೆಗೂ ತಂದರು.

ಕ್ವಾರ್ಟರ್ಸಿನಲ್ಲಿ ಬಾಗಿಲಿಗೆ ಬಾಗಿಲು ಎದುರುಬದುರು. ಅಪ್ಪ ಪಡಸಾಲೆಯ ಮಂಚದ ಮೇಲೆ, ಚಾಚಾ ತನ್ನ ಮನೆಯೊಳಗೆ ಸ್ಟೂಲಿನ ಮೇಲೆ. ಕೈಯಾಡಿಸುತ್ತ ಕೂತರೆ ಒಂದು ಹಗಲು ಕಳೆದುಹೋಗುತ್ತಿತ್ತು. ಹೊಟ್ಟೆ ಸವರಿಕೊಂಡರೆ ಇವತ್ತು ಏನು ಅಡುಗೆ. ಕೆನ್ನೆಗೆ ಕೈ ಹಚ್ಚಿದರೆ ಹೆಂಡತಿ ಸಿಟ್ಟಾಗಿದ್ದಾಳೆ. ನನಗೂ ಒಂದು ಸನ್ನೆ ಇತ್ತು: ಎರಡೂ ಕೈ ತಲೆಯ ಮೇಲೆ. ಅದನ್ನು ಮಾಡಿ ಇಬ್ಬರೂ ನಗುವಾಗ ಮಾತ್ರ ನನಗೆ ಅರ್ಥವಾಗುತ್ತಿತ್ತು. ಉಳಿದದ್ದನ್ನು ಕಲಿಯಲು ನಾನು ಹೋಗಲಿಲ್ಲ.

ನಕ್ಷೆಗೆ ಕೂತಾಗ ಬಾಗಿಲ ವಿಷಯದಲ್ಲೂ ನನಗೆ ಚಿಂತೆ ಹತ್ತಿತು. ಬಾಗಿಲಿಗೆ ಬಾಗಿಲು ಬಂದರೆ ಎದುರಿನವರ ಕಣ್ಣು ನಮ್ಮ ತಾಟಿನಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಕ್ವಾರ್ಟರ್ಸಿನಲ್ಲಿ ದಿನವೂ ಗೊಣಗಿದ್ದಳು. ಆದ್ದರಿಂದ ಎದುರು ಸಾಲನ್ನು ಆರು ಅಡಿ ಪಕ್ಕಕ್ಕೆ ಸರಿಸಿದೆ. ಯಾರ ಬಾಗಿಲಿಗೂ ಯಾರ ಬಾಗಿಲೂ ಎದುರಾಗುವಂತಿಲ್ಲ. ಪ್ರತಿ ಬಾಗಿಲಿಗೂ ಎದುರು ಮನೆಯ ಗೋಡೆ. ಎಂಟೂ ಮನೆಯವರು ತಲೆದೂಗಿದರು. ಮರ್ಯಾದಸ್ಥರ ಓಣಿ ಅಂದರೆ ಹೀಗಿರಬೇಕು ಅಂದರು. ನಾನು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಗೃಹಪ್ರವೇಶದ ಮರುದಿನ ಅಪ್ಪ ಮಂಚದ ಮೇಲೆ ಕೂತು ಹೊರಗೆ ನೋಡಿದ. ಸುಣ್ಣ ಬಳಿದ ಗೋಡೆ ಕಂಡಿತು. ಮಂಚವನ್ನು ಆಚೆ ಎಳೆಸಿದ, ಈಚೆ ಎಳೆಸಿದ. ಅದೇ ಗೋಡೆ.

ಬೇಸಿಗೆಯಷ್ಟು ದಿನ ತೊಂದರೆಯಾಗಲಿಲ್ಲ. ಇಬ್ಬರೂ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಜೂನಿನಲ್ಲಿ ಮಳೆ ಹಿಡಿಯಿತು. ಅಪ್ಪನಿಗೆ ಉಬ್ಬಸ, ತಂಡಿಗಾಳಿಗೆ ಹೊಸ್ತಿಲ ಮೇಲೂ ಕೂರುವಂತಿಲ್ಲ. ಆಗ ಚಾಚಾ ತನ್ನ ಕಟ್ಟೆಯ ಮೇಲೆ ನಿಂತು ಕೂಗತೊಡಗಿದ.

“ಅಣ್ಣಾ, ಹೊಟ್ಟಿ ಸಾಫ್ ಆತೇನು?”

ಅಪ್ಪನಿಗೆ ಕೇಳಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ಕೇಳಿತು.

“ಇನ್ನೂ ಆಗಿಲ್ಲಂತ್ರೀ ಚಾಚಾ! ಮುಂಜಾನಿಂದ ಓಂಕಾಳು ತಿನ್ನಾಕತ್ತಾರ!”

ಓಣಿಗೆ ಓಣಿಯೇ ನಕ್ಕಿತು. ಅಪ್ಪನಿಗೆ ನಗುವಿನ ಕಾರಣ ಗೊತ್ತಾದಾಗ ಅವತ್ತಿಡೀ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಆಮೇಲೆ ಚಾಚಾ ಮನೆಗೇ ಬರತೊಡಗಿದ. ಕ್ವಾರ್ಟರ್ಸಿನಲ್ಲಿ ಬನಿಯನ್ನಿನಲ್ಲೇ ದಿನವಿಡೀ ಮಾತಾಡುತ್ತಿದ್ದವನು ಈಗ ಕೋಟು ಹಾಕಿ, ಟೊಪ್ಪಿಗೆ ಸರಿಮಾಡಿಕೊಂಡು, ಕೊಡೆ ಹಿಡಿದು ಬರುತ್ತಿದ್ದ. ಮನೆಗೆ ಬಂದವರಿಗೆ ಚಹಾ ಮಾಡದಿರಲು ನನ್ನ ಹೆಂಡತಿಗೆ ಮನಸ್ಸಾಗದು. ಚಹಾದ ಜೊತೆ ಒಂದಿಷ್ಟು ಚುರುಮುರಿ.

“ಬೇಟಿ, ದಿನಾ ಹಿಂಗ ಚಾ ಇಟ್ರ ನಾ ಬರೂದಽ ಬಂದ್ ಮಾಡ್ತೇನಿ ನೋಡು.”

“ಅಯ್ಯ, ಎರಡು ಕಪ್ ಚಾಕ್ಕ ಏನಾಗ್ತೈತ್ರೀ ಚಾಚಾ, ಕುಡೀರಿ ಸುಮ್ನ.”

ಅವನು ಕುಡಿದ. ಹೇಳಿದ ಮಾತನ್ನೂ ನಡೆಸಿದ. ದಿನಾ ಬರುವುದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ಶುಕ್ರವಾರದ ನಮಾಜು ಮುಗಿಸಿ ಬಂದಾಗ ಮಾತ್ರ. ಎದುರುಬದುರು ಇದ್ದಾಗ ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ಇದ್ದರು. ಯಾರೂ ಯಾರಿಗೂ ಅತಿಥಿಯಾಗಿರಲಿಲ್ಲ. ಇದು ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಅಪ್ಪ ಮೌನವಾಗುತ್ತ ಹೋದದ್ದು ಮಾತ್ರ. ನಾವು ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಹೂಂ ಅನ್ನುತ್ತಿದ್ದ. ತೊಡೆಯ ಮೇಲೆ ಅವನ ಕೈ ಸುಮ್ಮನೆ ಬಿದ್ದಿರುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ನನ್ನನ್ನು ಕರೆದು, ಓಣಿ ಕಡೆಯ ಗೋಡೆಗೆ, ಚಾಚಾನ ಬಾಗಿಲಿನ ನೇರಕ್ಕೆ, ಅಂಗೈ ಊರಿ ತೋರಿಸಿದ.

“ಇಲ್ಲೊಂದು ಕಿಡಕಿ ಒಡಸು.”

ನನ್ನ ತಲೆಯೊಳಗೆ ಗೋಡೆ ಕುಸಿಯಿತು, ಮಾಡು ಕುಸಿಯಿತು, ಹಂಚಿನಡಿ ನಾವೆಲ್ಲ ಸಿಕ್ಕಿಕೊಂಡೆವು.

“ಮಳಿಗಾಲದಾಗ ಗ್ವಾಡಿ ಮುಟ್ಟಬಾರದು ಅಪ್ಪಾ. ಹಸಿ ಐತಿ. ದೀಪಾವಳಿ ಆಗಲಿ.”

ಮೂರು ಸಲ ಕೂಗಿದ ಮೇಲೆ ಅವನಿಗೆ ಕೇಳಿತು.

“ನಿನ್ನ ಮದಿವಿನೂ ನೀ ದೀಪಾವಳಿ ಆಗಲಿ ಅಂದಿದ್ದಿ. ನಾ ಕೇಳಲಿಲ್ಲಂತ ಆತು,” ಅಂದ. ಮತ್ತೆ ಆ ಮಾತು ಎತ್ತಲಿಲ್ಲ.

ನವರಾತ್ರಿಗೆ ಎರಡು ವಾರ ಇರುವಾಗ ಚಾಚಾನ ಅಳಿಯ ಬಂದ. ಮುಂಡಗೋಡಿನಲ್ಲಿ ಅವನದು ಟಿಬೆಟನ್ ಕಾಲೊನಿಯವರ ಗೋವಿನಜೋಳ ಕೊಳ್ಳುವ ವ್ಯಾಪಾರ. ಮಾವನನ್ನು ಕರೆದೊಯ್ಯಲು ಬಂದಿದ್ದ. ಚಾಚಾ ನನಗೆ ಹೇಳಿದ: “ಮಳಿ ಹತ್ತಿದಾಗಿಂದ ಗ್ವಾಡಿ ಕೂಡ ಮಾತಾಡಾಕತ್ತೇನಿ ಬೇಟಾ. ಅಲ್ಲಿ ಮೊಮ್ಮಕ್ಕಳರ ಅದಾವ.” ಅದರಲ್ಲಿ ನನ್ನ ಮೇಲೆ ದೂರೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಬಸ್ ಸ್ಟ್ಯಾಂಡಿಗೆ ಟ್ರಂಕು ಹೊತ್ತುಕೊಂಡು ಹೋದೆ. ಉಬ್ಬಸ ಲೆಕ್ಕಿಸದೆ ಅಪ್ಪನೂ ಬಂದ. ಚಾಚಾ ಕಿಟಕಿಯ ಪಕ್ಕ ಕೂತ. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಆ ಕಾಲದ ಬಸ್ಸು, ಮಗ್ಗದಷ್ಟೇ ಸದ್ದು. ಚಾಚಾ ಕೈಯೆತ್ತಿದ. ಕೆಳಗೆ ನಿಂತ ಅಪ್ಪನೂ ಎತ್ತಿದ. ಮಳೆಗಾಲವಿಡೀ ಕಟ್ಟಿಕೊಂಡಿದ್ದ ಮಾತು ನಾಲ್ಕು ಕೈಗಳಿಂದ ಹೊರಟಿತು. ಬೆರಳು ಎಣಿಸಿದರು, ಎದೆ ತಟ್ಟಿಕೊಂಡರು, ಒಮ್ಮೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಂಡಕ್ಟರ್ ನನ್ನ ಕಿವಿಯಲ್ಲಿ ಕೇಳಿದ: “ಪಾಪ, ಇಬ್ಬರೂ ಮೂಕರೇನ್ರೀ?”

“ಅಲ್ರೀ,” ಅಂದೆ, “ಭಾಳ ಮಾತಾಡ್ತಾರ.”

ಬಸ್ಸು ಹೋದ ಮೇಲೆ ಚಾಚಾ ಏನಂದ ಎಂದು ಅಪ್ಪನನ್ನು ಕೇಳಿದೆ. ಕೂಗಿಯೇ ಕೇಳಿದೆ. ಅಪ್ಪ ನನ್ನ ಮುಖ ನೋಡಿದ, ಅವನ ಕೈ ಅರ್ಧ ಎದ್ದಿತು, ಇಳಿಯಿತು.

“ಬಿಡು, ಬಾಯಾಗ ಹೇಳಾಕ ಬರಂಗಿಲ್ಲ.”

ದೀಪಾವಳಿ ಮುಗಿದ ವಾರವೇ ನಾನು ಕಿಟಕಿ ಒಡೆಸಲು ಗಾರೆ ಕೆಲಸದ ಗವಂಡಿಯನ್ನು ಕರೆಸಿದೆ. ಗೋಡೆ ಕುಸಿಯಲಿಲ್ಲ, ಒಂದು ಹಂಚೂ ಅಲುಗಲಿಲ್ಲ. ಮಧ್ಯಾಹ್ನದೊಳಗೆ ಚೌಕಟ್ಟು ಕೂತಿತು. ಅದರೊಳಗಿಂದ ಚಾಚಾನ ಬಾಗಿಲು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಕಂಡಿತು, ಜಡಿದ ಬೀಗ ಸಮೇತ. ಗವಂಡಿ ನಮ್ಮ ಬಾಗಿಲಿಂದ ಕಿಟಕಿಯವರೆಗೆ ಟೇಪು ಹಿಡಿದು ನೋಡಿದ.

“ಆರು ಫೂಟ್ ರೀ,” ಅಂದ.