ಊರಿಗೆಲ್ಲ ಒಂದೇ ಗದ್ದೆ

ನಮ್ಮೂರಿನಲ್ಲಿ ಈಗ ಉಳಿದಿರುವುದು ಒಂದೇ ಭತ್ತದ ಗದ್ದೆ, ಅದು ನಮ್ಮದು. ಹೀಗೆಂದ ಕೂಡಲೇ ಪೇಟೆಯವರು 'ಎಷ್ಟು ಚೆನ್ನ' ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಆಳು ಸಿಗದೆ ಮನೆಗೂ ಗದ್ದೆಗೂ ಓಡಾಡುವವಳು ನಾನು.

ಬಾಳೂರಿನ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಆಲ್ದೂರಿನಲ್ಲಿ ಬೆಳೆಗಾರರ ಸಭೆ ನಡೆದಿತ್ತು. ಮಾವನ ಜೊತೆ ನಾನೂ ಹೋಗಿದ್ದೆ. ಭತ್ತ ಬೆಳೆಯುತ್ತ ಕೂತರೆ ಮಲೆನಾಡು ಮುಂದೆ ಬರುವುದಿಲ್ಲ, ಗದ್ದೆಗೆ ಮಣ್ಣು ತುಂಬಿಸಿ ಕಾಫಿ ಹಾಕಿ, ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ ಎಂದರು ಭಾಷಣಕ್ಕೆ ಬಂದವರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವು ವರ್ಷ ಕಳೆದ ಮೇಲೆ ಶುಂಠಿಯೇ ಅಭಿವೃದ್ಧಿ ಎಂದಾಯಿತು. ಆಮೇಲೆ ಹೋಂಸ್ಟೇ. ದೇವರಮನೆ ಗುಡ್ಡ ನೋಡಲು ಹೋಗುವ ಪ್ರವಾಸಿಗರ ಕಾರುಗಳನ್ನು ನಮ್ಮ ಅಂಗಳಕ್ಕೆ ತಿರುಗಿಸಿಕೊಳ್ಳುವುದು ಹೇಗೆಂದು ಪಾಠ. ಮೊನ್ನೆ ಬೇಸಿಗೆಯಲ್ಲಿ ಮತ್ತೆ ಅದೇ ಹಾಲ್, ಅದೇ ಉಪ್ಪಿಟ್ಟು. ಮಳೆನೀರು ಇಂಗುವುದೇ ಗದ್ದೆಯಲ್ಲಿ, ಅದನ್ನು ಮುಚ್ಚಿದ್ದು ದೊಡ್ಡ ತಪ್ಪು ಎಂದರು. ಅದಕ್ಕೂ ಚಪ್ಪಾಳೆ! ಮುಚ್ಚಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ನನಗೆ ಕುರ್ಚಿಯಲ್ಲಿ ಕೂರಲಾಗದೆ ಎದ್ದು ಹೊರಗೆ ಬಂದೆ.

ನಮ್ಮ ಗದ್ದೆ ಉಳಿದದ್ದು ನಮ್ಮ ಬುದ್ಧಿವಂತಿಕೆಯಿಂದಲ್ಲ. ಅಲ್ಲಿಗೆ ಮಣ್ಣಿನ ಲಾರಿ ಇಳಿಯಲು ದಾರಿಯಿರಲಿಲ್ಲ, ಅಷ್ಟೇ.

ಆದರೆ ಊರಿನವರು ಗದ್ದೆ ಮುಚ್ಚುವಾಗ ಒಂದು ವಿಷಯ ಮರೆತಿದ್ದರು. ಹೊಸ ಅಕ್ಕಿ ಉಣ್ಣುವ ಹಬ್ಬದ ದಿನ ಬೆಳಿಗ್ಗೆ ಗದ್ದೆಯಿಂದ ಭತ್ತದ ಕದಿರು ತಂದು ದೇವರ ಮುಂದಿಟ್ಟು, ಬಾಗಿಲಿಗೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ, ಜೀಪಿಗೆ ಕಟ್ಟಬೇಕು. ಪಕ್ಕದವರ ಗದ್ದೆಯಲ್ಲಿ ಸಿಗುತ್ತದಲ್ಲ ಎಂದುಕೊಂಡೇ ಒಬ್ಬೊಬ್ಬರೂ ತಮ್ಮದನ್ನು ಮುಚ್ಚಿದ್ದರು. ಕೊನೆಗೆ ಹಬ್ಬದ ಬೆಳಿಗ್ಗೆ ಊರಿನ ಜೀಪುಗಳೆಲ್ಲ ನಮ್ಮ ಗದ್ದೆಯ ಮೇಲಿನ ರಸ್ತೆಯಲ್ಲಿ ಸಾಲಾಗಿ ನಿಲ್ಲತೊಡಗಿದವು.

ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ನನ್ನ ಗಂಡ, "ಬರೋ ವರ್ಷ ನನ್ ಕೈಲಾಗಲ್ಲ ಮಾರಾಯ್ತಿ, ಬಿಟ್ಬಿಡಾಣ" ಎಂದರು. ನನಗೆ ಹಗುರವೂ ಆಯಿತು, ಬೇಸರವೂ ಆಯಿತು. ಸುದ್ದಿ ಹಬ್ಬಿ ಪಕ್ಕದ ಎಸ್ಟೇಟಿನ ಹಿರಿಯ ಗೌಡರು ಮನೆಗೆ ಬಂದರು. ಊರಿನಲ್ಲಿ ಎಲ್ಲರಿಗಿಂತ ಮೊದಲು ಗದ್ದೆ ಮುಚ್ಚಿದವರು ಅವರೇ.

"ಬಿಡ್ಬೇಡ ಕಣಮ್ಮ. ನಿಮ್ ಗದ್ದೆ ಅಂದ್ರೆ ಊರಿನ್ ಗದ್ದೆ. ಕದಿರಿಗೆ ನಾವೆಲ್ಲಿಗ್ ಹೋಗಾಣ?"

ನನಗೆ ತಡೆಯಲಾಗಲಿಲ್ಲ. "ಊರಿನ್ ಗದ್ದೆ ಆದ್ರೆ ಊರವ್ರು ನಾಟಿಗೂ ಬನ್ನಿ ಗೌಡ್ರೇ. ನಾಟಿಗೆ ಬರ್ದಿದ್ದವ್ರಿಗೆ ಈ ಸಲ ಕದಿರಿಲ್ಲ."

ಗಂಡ ಕಣ್ಣು ಬಿಟ್ಟರು. ಗೌಡರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಹೋದರು.

ಮಳೆ ಹಿಡಿಯಿತು, ನಾನೇ ಬಿತ್ತಿದ ಸಸಿ ಬೆಳೆಯಿತು. ನಾಟಿ ಯಾವತ್ತೆಂದು ಊರಿಗೆಲ್ಲ ಹೇಳಿ ಕಳಿಸಿದೆ. ಯಾರೂ ಬರದಿದ್ದರೆ ಸಸಿಯನ್ನು ದನಕ್ಕೆ ಹಾಕಿ ಗದ್ದೆ ಕೈಬಿಡುವುದೆಂದು ಗಂಡನಿಗೆ ಮಾತು ಕೊಟ್ಟಿದ್ದೆ. ನಾಟಿಯ ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮುಂದೆ ಕೂತರೂ ಕಿವಿ ರಸ್ತೆಯ ಕಡೆಗೇ ಇತ್ತು. ಹಳ್ಳದ ಸದ್ದು ಜೀಪಿನ ಸದ್ದಿನಂತೆ ಕೇಳಿ ಎರಡು ಸಲ ಸುಮ್ಮನೆ ಹೊರಗೆ ಬಂದೆ.

ಕೊನೆಗೂ ಬಂದರು. ಬಹಳ ಜನವೇನಲ್ಲ, ಗದ್ದೆ ಮುಗಿಯುವಷ್ಟು. ಹಿಂದಿನಿಂದ ಗೌಡರು. ಅವರಿಗೆ ಅನ್ನಬೇಕೆಂದು ಒಂದು ಖಾರದ ಮಾತು ತಯಾರಿಟ್ಟುಕೊಂಡಿದ್ದೆ. ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದವರು ನೆಡದೆ ಸುಮ್ಮನೆ ನಿಂತುಬಿಟ್ಟರು.

"ಏನಾಯ್ತು ಗೌಡ್ರೇ?"

"ಏನಿಲ್ಲ ಕಣಮ್ಮ. ನಮ್ ಗದ್ದೆ ನೀರೂ ಹಿಂಗೇ ತಣ್ಣಗಿತ್ತು. ಮರ್ತೇ ಹೋಗಿತ್ತು."

ಒಂದು ಕಟ್ಟು ಸಸಿ ಅವರ ಕೈಗೆ ಕೊಟ್ಟೆ. ಅವರು ಸೊಂಟ ಹಿಡಿದುಕೊಂಡೇ ಬಗ್ಗಿದರು.

ಮಧ್ಯಾಹ್ನ ಎಲ್ಲರನ್ನೂ ಊಟಕ್ಕೆ ಕೂರಿಸಿ ಬಡಿಸುತ್ತ ಬಂದೆ. ಈ ವರ್ಷಕ್ಕೆ ಗದ್ದೆ ಉಳಿಯಿತು ಎಂಬ ಖುಷಿ ನನಗಿತ್ತು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಆ ಖುಷಿ ಇಳಿದುಹೋಯಿತು. ಅಷ್ಟು ಎಲೆಗಳ ಮುಂದೆ ತಲೆ ನೆರೆಯದವರು ಒಬ್ಬರೂ ಕೂತಿರಲಿಲ್ಲ.