ಮೂರು ಗಂಟೆಯ ಮಗ್ರಿಬ್

ಅಪ್ಪನ ಹೊಲಿಗೆ ಸೊಟ್ಟಗಾಗಿತ್ತು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ.

ನಾವು ನದಾಫರು. ಮೂಡಲಗಿಯಲ್ಲಿ ಗಾದಿ ಹೊಲಿಯುವುದು ನಮ್ಮ ಮನೆತನದ ಕೆಲಸ. ಅಪ್ಪ ದಬ್ಬಣ ಹಿಡಿದರೆ ಹೊಲಿಗೆ ಗೆರೆ ಎಳೆದಂತೆ ಹೋಗುತ್ತದೆ. ಈ ರಮಜಾನಿನ ಒಂದು ಭಾನುವಾರ ಮಧ್ಯಾಹ್ನ ಅದು ಗಾದಿಯ ಅಂಚು ಬಿಟ್ಟು ನಡುವಿಗೆ ಬಂದಿತ್ತು. ಅಪ್ಪನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ಕರೆದರೆ, ನಾನು ಯಾರೋ ಎಂಬಂತೆ ನೋಡಿದ.

ಸಕ್ಕರೆ ಕಾಯಿಲೆ ಅವನಿಗೆ ಹಳೆಯದು. ಇನ್ಸುಲಿನ್ ಶುರುವಾಗಿ ವರ್ಷವೂ ಆಗಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ, ಹಾಗಾಗಿ ಬೆಳಗ್ಗೆ ಸಂಜೆ ಇಂಜೆಕ್ಷನ್ ಹಾಕುವವಳು ನಾನೇ. ರೋಜಾ ಹಿಡಿದು ಉಪವಾಸ ಇರಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ದಿನವೂ ಎಂಟು ಗಂಟೆಗೆ ಸೂಜಿ ಹಾಕಿ, ನಾಷ್ಟಾದ ರೊಟ್ಟಿ ಮುಚ್ಚಿಟ್ಟು, ಬಟ್ಟೆ ಒಗೆಯಲು ಹೋಗಿದ್ದೆ.

ಗ್ಲುಕೋಮೀಟರ್ ಮೂವತ್ತೆಂಟು ತೋರಿಸಿತು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು.

ನಾನು ಚೀರಿದ್ದಕ್ಕೆ ಬಾಜೂ ಮನೆಯ ಗಂಗವ್ವ ಕಾಕಿ ಓಡಿ ಬಂದಳು. ಸಕ್ಕರೆ ನೀರು ಕದಡಿ ಲೋಟವನ್ನು ಅಪ್ಪನ ತುಟಿಗೆ ಹಿಡಿದೆ. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಮತ್ತೆ ಹಿಡಿದೆ. ಉಗುಳಿದ.

"ಬ್ಯಾಡ... ರೋಜಾ ಐತಿ."

ಬೆಳಗ್ಗೆ ನಾನು ಇನ್ಸುಲಿನ್ ಚುಚ್ಚಿದ್ದು ನಾಷ್ಟಾ ಮುಟ್ಟದೆ ಕುಳಿತ ಮನುಷ್ಯನಿಗೆ.

"ಯಪ್ಪಾ, ನಿನ್ನ ಕಾಲ ಬೀಳ್ತೇನಿ, ಕುಡಿ."

"ಬಾಂಗ್... ಆಗಲಿ."

ಮೂರು ಗಂಟೆ. ಹೊರಗೆ ಒಣಹಾಕಿದ ಹತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ಸೂರ್ಯ ಮುಳುಗಿ, ಮಸೀದಿಯಲ್ಲಿ ರೋಜಾ ಬಿಡುವ ಮಗ್ರಿಬ್ ಬಾಂಗ್ ಕೂಗುವವರೆಗೆ ಕಾಯುವ ಜೀವ ಅವನಲ್ಲಿರಲಿಲ್ಲ. ಅವನ ಕಿವಿಗೆ ಬಾಯಿಟ್ಟು ಹೇಳಿದೆ: "ಬಾಂಗ್ ಆತು ಯಪ್ಪಾ. ಮಗ್ರಿಬ್ ಆತು. ಬಿಸ್ಮಿಲ್ಲಾ ಅನ್ನು."

ಅಪ್ಪ ನಂಬಲಿಲ್ಲ. ಕಾಕಿಯ ಕಡೆ ಕಣ್ಣು ಹೊರಳಿಸಿದ.

"ಹೌದ್ರೀ ಅಣ್ಣಾ, ಖರೇನ," ಎಂದಳು ಕಾಕಿ, ಒಂದು ಕ್ಷಣವೂ ತಡೆಯದೆ. "ನನಗೂ ಕೇಳಿಸ್ತು. ಕುಡೀರಿ."

ಅಪ್ಪನ ತುಟಿಗಳು ಅಲುಗಿದವು. ಬಿಸ್ಮಿಲ್ಲಾ ಎಂದಿರಬೇಕು. ಲೋಟ ಖಾಲಿಯಾಯಿತು.

ಗೋಕಾಕಿನ ಆಸ್ಪತ್ರೆಗೆ ಟಂಟಂ ಗಾಡಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅವನ ಕೆನ್ನೆ ತಟ್ಟುತ್ತಲೇ ಇದ್ದೆ. ಈಗಲೂ ಗಾಡಿಯ ಸದ್ದು ಕೇಳಿದರೆ ನನ್ನ ಅಂಗೈ ತಾನಾಗಿಯೇ ಎದ್ದು ಬರುತ್ತದೆ.

ಡ್ರಿಪ್ ಹಚ್ಚಿದ ಮೇಲೆ ಡಾಕ್ಟರಮ್ಮ ಕೇಳಿದರು. "ಇನ್ಸುಲಿನ್ ಕೊಟ್ಟಾರು ಯಾರು?"

"ನಾನ್ರಿ."

"ನಾಷ್ಟಾ ಮಾಡೋದನ್ನ ನೋಡಿದ್ರೇನು?"

ನೋಡಿರಲಿಲ್ಲ.

ಕಾಕಿ ಪಕ್ಕದಲ್ಲಿ ಗೊಣಗಿದಳು. "ಮೂರು ದಿನದಿಂದ ನಮ್ಮ ಎಮ್ಮಿಗೆ ರೊಟ್ಟಿ ತಂದು ಹಾಕಾಕತ್ತಿದ್ರು ಅಣ್ಣಾರು. ಮಗಳು ಬಾಳ ಮಾಡ್ತಾಳ, ಉಳೀತಾವು ಅಂದ್ರು. ನನ್ನ ತಲಿಗೆ ಹೊಳೀಲಿಲ್ಲ ನೋಡವಾ. ಎಮ್ಮಿ ದಪ್ಪ ಆಗಾಕತ್ತಿತ್ತು, ನಾ ಖುಷಿಯೊಳಗಿದ್ದೆ."

ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

ಇಳಿಹೊತ್ತಿನ ಅಸರ್ ನಮಾಜಿಗೆ ವಾರ್ಡಿನ ಮೂಲೆಯಲ್ಲಿ ದುಪಟ್ಟಾ ಹಾಸಿಕೊಂಡೆ. ಮುಗಿದ ಮೇಲೆ ಏಳಲಾಗಲಿಲ್ಲ. ಚಿಕ್ಕವಳಿದ್ದಾಗ ಹುಕ್ಕೇರಿಯ ಅತ್ತೆಯ ಹತ್ತಿರ ಕುರಾನ್ ಓದಲು ಕಲಿತೆ. ದಿನಕ್ಕೊಂದು ಸಲ ನಿನ್ನನ್ನು ನೀನೇ ಕೂರಿಸಿ ವಿಚಾರಿಸಿಕೋ, ಅದಕ್ಕೆ ಮುಹಾಸಬಾ ಅನ್ನುತ್ತಾರೆ, ಎಂದು ಆಕೆ ಹೇಳಿಕೊಟ್ಟಿದ್ದಳು. ಅಂದಿನಿಂದ ನಾನದನ್ನು ತಪ್ಪಿಸಿದ್ದಿಲ್ಲ. ಐದು ಹೊತ್ತು ನಮಾಜ್ ಆಯಿತೇ? ಆಯಿತು. ರೋಜಾ? ಇದೆ. ಕುರಾನ್? ಓದಿದೆ. ಇಷ್ಟು ಕೇಳಿಕೊಂಡು ನೆಮ್ಮದಿಯಿಂದ ಎದ್ದುಬಿಡುತ್ತಿದ್ದೆ. ಬಿ.ಎ. ಮುಗಿಸಿದವಳು ನಾನು, ಅರಭಾವಿಯ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಪರೀಕ್ಷೆಯೆಂದರೆ ಏನೆಂದು ಗೊತ್ತಿತ್ತು. ಆದರೂ ನಾನು ಪಾಸಾಗುವ ಪ್ರಶ್ನೆಗಳನ್ನಷ್ಟೇ ಕೇಳಿಕೊಳ್ಳುತ್ತಿದ್ದೇನೆ ಎಂಬುದು ಹೊಳೆದಿರಲಿಲ್ಲ.

ಅಂದು ಮೊದಲು ನನ್ನನ್ನು ಕುಟುಕಿದ್ದು ಆ ಸುಳ್ಳು. ರೋಜಾ ಇದ್ದವಳು, ಅದೂ ಬಾಂಗಿನ ಬಗ್ಗೆ ಸುಳ್ಳು ಹೇಳಿದೆನಲ್ಲ. ಆದರೆ ಎಷ್ಟು ಹೊತ್ತು ಕುಳಿತರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಅಪ್ಪ ಯಾಕೆ ರೋಜಾ ಹಿಡಿದ? ಅದೂ ನನಗೆ ಹೇಳದೆ?

ಆಗ ಅದೇ ವಾರದ ಬುಧವಾರ ನೆನಪಾಯಿತು.

ಕೆಲಸ ಮುಗಿಸಿ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ನಾಲಿಗೆ ಒಣಗಿತ್ತು. ಅಪ್ಪ ಅಡುಗೆಮನೆಯಲ್ಲಿ ಕುಳಿತು ತಡವಾಗಿ ಉಣ್ಣುತ್ತಿದ್ದ. "ಶಮಾ, ಚೂರು ಮಜ್ಜಗಿ ಹಾಕವಾ," ಅಂದ. ಮಜ್ಜಿಗೆ ಹಾಕುತ್ತ ನಾನು ಹೇಳಿದ್ದೆ: "ಹಾಕ್ತೇನಿ ತಗೊ. ರಮಜಾನ್‌ದಾಗೂ ಒಲಿ ಆರದ ಮನಿ ಅಂದ್ರ ನಮ್ಮದ."

ಅಪ್ಪ ನಕ್ಕಿದ್ದ. ನಾನು ಒಳಗೆ ಹೋಗಿ ಕುರಾನ್ ಓದಿದ್ದೆ. ಅಂದಿನ ಮುಹಾಸಬಾದಲ್ಲೂ ಪಾಸಾಗಿದ್ದೆ.

ಮರುದಿನದಿಂದ ಅವನೂ ನಸುಕಿನ ಸಹರಿ ಊಟಕ್ಕೆ ಎದ್ದು ನನ್ನೊಡನೆ ಕುಳಿತು ನಾಲ್ಕು ತುತ್ತು ತಿನ್ನತೊಡಗಿದ. "ನಿನಗ ಜೋಡಿ ಇರ್ಲಿ ಅಂತ," ಎನ್ನುತ್ತಿದ್ದ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬೇಕು. ಅದರೊಳಗೆ ನನ್ನ ಮಾತಿನ ಮುಳ್ಳೂ ಇತ್ತು.

ಆ ಮಾತಾಡುವಾಗ ನನ್ನ ನೀಯತ್ತು, ಒಳಗಿನ ಉದ್ದೇಶ, ಏನಿತ್ತು? ಸುಸ್ತು ಎಂದು ಹೇಳಿಕೊಳ್ಳಬಹುದಿತ್ತು. ಸುಸ್ತಲ್ಲ. ನನ್ನ ಹಸಿವು ಅವನ ಊಟಕ್ಕಿಂತ ಮೇಲು ಎಂದು ತೋರಿಸಬೇಕಿತ್ತು. ದಿನವಿಡೀ ಹೊಟ್ಟೆಯನ್ನು ಕಟ್ಟಿಹಾಕಿ, ನಾಲಿಗೆಯನ್ನು ಬಯಲಿಗೆ ಬಿಟ್ಟಿದ್ದೆ. ಇದನ್ನು ಬರೆಯುವುದು ಸುಲಭವಲ್ಲ. ಆದರೆ ಆ ಮೂಲೆಯಲ್ಲಿ ಮೊದಲ ಬಾರಿಗೆ ನನಗೆ ನಿಜವಾದ ಪ್ರಶ್ನೆಯೊಂದು ಸಿಕ್ಕಿತು. ಉತ್ತರ ಕಹಿಯಾಗಿದ್ದರೂ ಎದೆ ಹಗುರಾಯಿತು.

ಎರಡು ದಿನದ ಮೇಲೆ ಡಿಸ್ಚಾರ್ಜ್ ಆಯಿತು. ಮನೆಗೆ ಬಂದು ಅಪ್ಪನ ಕಾಲ ಬಳಿ ಕುಳಿತೆ.

"ಯಪ್ಪಾ, ಅವತ್ತ ಒಲಿ ಅಂದ್ನೆಲ್ಲ, ಮಾಫ್ ಮಾಡು."

"ಸುಳ್ಳ ಬಾಂಗ್ ಕೊಟ್ಟಾಕಿ ಒಲಿಗೆ ಮಾಫಿ ಕೇಳ್ತಿಯೇನ?" ಎಂದು ನಕ್ಕ. ಆಮೇಲೆ ಅಂದ: "ನಂದೂ ತಪ್ಪೈತಿ ಶಮಾ. ಆ ರೋಜಾ ನಾ ಅಲ್ಲಾನ ಸಲುವಾಗಿ ಹಿಡದಿದ್ದಿಲ್ಲ. ನಿನ್ನ ಮಾತಿಗೆ ಹಿಡದಿದ್ದೆ."

ನಾನು ವಾರ್ಡಿನ ಮೂಲೆಯಲ್ಲಿ ಮಾಡಿದ ಮುಹಾಸಬಾವನ್ನೇ ಅವನು ಮಂಚದ ಮೇಲೆ ಮಲಗಿ ಮಾಡಿದ್ದ.

ವಾಸಿಯಾಗದ ಕಾಯಿಲೆಯವರು ರೋಜಾದ ಬದಲು ದಿನಕ್ಕೊಬ್ಬರಂತೆ ಬಡವರಿಗೆ ಊಟ ಕೊಡಬಹುದು. ಅದಕ್ಕೆ ಫಿದಿಯಾ ಎನ್ನುತ್ತಾರೆ. ಈಗ ಅಪ್ಪನೇ ಡಬ್ಬಿ ಹಿಡಿದು ಓಣಿಯ ಕೊನೆಯ ಮುದುಕಿಗೆ ಕೊಟ್ಟು ಬರುತ್ತಾನೆ. ಬೆಳಗ್ಗೆ ನಾಷ್ಟಾದ ತಟ್ಟೆ ಎದುರಿಗೆ ಬಂದ ಮೇಲೆಯೇ ಸೂಜಿ. ಅವನು ಕೊನೆಯ ತುತ್ತು ನುಂಗುವವರೆಗೆ ನಾನು ಏಳುವುದಿಲ್ಲ. "ಪೊಲೀಸ್ ಆಗಬೇಕಿತ್ತು ನೀ," ಎನ್ನುತ್ತಾನೆ. ಹೊಲಿಗೆ ಮತ್ತೆ ನೆಟ್ಟಗಾಗಿದೆ. ಅಲ್ಲಾನಿಗೆ ಶುಕ್ರ್.

ನಿನ್ನೆ ರಜೆ. ಮಧ್ಯಾಹ್ನ ಅಪ್ಪ ಉಣ್ಣುತ್ತ, "ಇನ್ನೊಂದು ರೊಟ್ಟಿ ಹಾಕವಾ," ಅಂದ. ನನಗೆ ರೋಜಾ ಇತ್ತು, ತಲೆ ಸಿಡಿಯುತ್ತಿತ್ತು. ನಾಲಿಗೆಯ ತುದಿಗೆ ಒಂದು ಮಾತು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದನ್ನು ಅಲ್ಲೇ ಒಂದು ಗಳಿಗೆ ನಿಲ್ಲಿಸಿ ನೋಡಿದೆ.

ರೊಟ್ಟಿ ಹಾಕಿದೆ. ಪಲ್ಯವನ್ನೂ ಹಾಕಿ, "ಉಪ್ಪು ಸರಿ ಐತೇನ ನೋಡಿ ಹೇಳು, ನಾ ಬಾಯಿಗಿಟ್ಟಿಲ್ಲ," ಅಂದೆ.

"ಬರೋಬ್ಬರಿ ಐತಿ," ಎಂದು ಅಪ್ಪ ಇನ್ನೊಂದು ತುತ್ತು ಮುರಿದ.